ಕೊಟ್ರೆ ಏನ್ ನಷ್ಟ?

ಅಮೆರಿಕದ ಕ್ಲೈಂಟ್ ಜೊತೆ ರಾತ್ರಿ ಹನ್ನೊಂದರವರೆಗೆ ಕಾಲ್‌ನಲ್ಲಿರೋ ನಮ್ಮಂಥವರ ಬ್ಯಾಗಿನಲ್ಲಿ ಈಗ ಮೆಲಟೋನಿನ್ ಇರೋದು ಮಾಮೂಲು. ಮಾತ್ರೆಯೋ, ಗಮ್ಮಿಯೋ, ಯಾವುದೋ ಒಂದು ರೂಪದಲ್ಲಿ. ಕತ್ತಲಾಗುತ್ತಿದ್ದಂತೆ ಮೆದುಳಿನ ಪೀನಿಯಲ್ ಗ್ರಂಥಿ ತಾನಾಗಿಯೇ ಸ್ರವಿಸುವ ಹಾರ್ಮೋನು ಅದು. ಹೊತ್ತಿಗೆ ಸರಿಯಾಗಿ ಮಲಗೋಕೆ ಬಿಡದ ನೌಕರಿ ಮಾಡಿಕೊಂಡು, ಅದನ್ನೇ ಅಂಗಡಿಯಿಂದ ಕೊಂಡು ತರುತ್ತೇವೆ.

ಈ ಹಾರ್ಮೋನಿನ ಮೇಲೆ ಮೊದಲಿನಿಂದಲೂ ಜನರಿಗೆ ಆಸೆ ಜಾಸ್ತಿ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ಮತ್ತು ಸಂಗಡಿಗರು ದನಗಳ ಪೀನಿಯಲ್ ಗ್ರಂಥಿಯಿಂದ ಇದನ್ನು ಬೇರ್ಪಡಿಸಿದಾಗ ಹುಡುಕುತ್ತಿದ್ದದ್ದು ನಿದ್ದೆಯನ್ನಲ್ಲ. ಲರ್ನರ್ ಚರ್ಮರೋಗ ತಜ್ಞರು. ಪೀನಿಯಲ್ ಸಾರ ಕಪ್ಪೆಯ ಚರ್ಮವನ್ನು ತಿಳಿಯಾಗಿಸುತ್ತಿತ್ತು, ಹಾಗಾಗಿ ಮನುಷ್ಯರ ಚರ್ಮದ ಕಾಯಿಲೆಗೂ ಮದ್ದಾದೀತು ಅನ್ನೋ ನಿರೀಕ್ಷೆ. ಅದು ಆಗಲಿಲ್ಲ. 2014ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಹಬ್ಬಿದಾಗ, ಮೆಲಟೋನಿನ್ ಕೊಟ್ಟು ನೋಡಬಹುದು ಅಂತ ಕೆಲವು ವಿಜ್ಞಾನಿಗಳು ಬರೆದರು. ಕೋವಿಡ್ ಬಂದಾಗ ಅದೇ ಮಾತು ಮತ್ತೆ ಎದ್ದಿತು. ಅಕ್ಟೋಬರ್ 2020ರಲ್ಲಿ ಟ್ರಂಪ್‌ಗೆ ಸೋಂಕು ತಗುಲಿದಾಗ, ಅವರ ವೈದ್ಯರು ಹೊರಗೆ ಹೇಳಿದ ಔಷಧಗಳ ಪಟ್ಟಿಯಲ್ಲೂ ಮೆಲಟೋನಿನ್ ಇತ್ತು.

ವಾದ ಪೊಳ್ಳೇನಲ್ಲ. ತೀವ್ರ ವೈರಲ್ ಕಾಯಿಲೆಯಲ್ಲಿ ಎಷ್ಟೋ ಸಲ ಜೀವ ತೆಗೆಯೋದು ವೈರಸ್ ಒಂದೇ ಅಲ್ಲ, ಅದರ ವಿರುದ್ಧ ನಮ್ಮ ದೇಹವೇ ಹೊತ್ತಿಸಿಕೊಳ್ಳೋ ಉರಿಯೂತ ಕೂಡ. ಮೆಲಟೋನಿನ್ ಆ ಉರಿಯನ್ನು ತಗ್ಗಿಸುತ್ತೆ ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಅಗ್ಗದ ವಸ್ತು, ಅಡ್ಡಪರಿಣಾಮ ಕಡಿಮೆ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧಕರು ಸುಮಾರು 27 ಸಾವಿರ ಜನರ ದಾಖಲೆ ಜಾಲಾಡಿದಾಗ, ಮೆಲಟೋನಿನ್ ತಗೊಳ್ಳುತ್ತಿದ್ದವರಲ್ಲಿ ಕೋವಿಡ್ ಪಾಸಿಟಿವ್ ಬರುವ ಸಾಧ್ಯತೆ ಶೇ. 28ರಷ್ಟು ಕಡಿಮೆ ಕಂಡಿತು. ಆದರೆ ಹಾಗೆ ಮಾತ್ರೆ ತಗೊಳ್ಳುವವರು ಆರೋಗ್ಯದ ಬಗ್ಗೆ ಮೊದಲೇ ಎಚ್ಚರ ಇರುವವರೂ ಆಗಿರಬಹುದಲ್ಲ? ಕಾಪಾಡಿದ್ದು ಮಾತ್ರೆಯೋ, ಎಚ್ಚರವೋ, ದಾಖಲೆ ನೋಡಿದರೆ ಗೊತ್ತಾಗಲ್ಲ.

2021ರ ಮೇ ತಿಂಗಳಲ್ಲಿ ಇದು ನಮ್ಮ ಮನೆಯ ಪ್ರಶ್ನೆಯೂ ಆಯಿತು. ಹಾಸನದಲ್ಲಿ ಚಿಕ್ಕಪ್ಪನ ಆಕ್ಸಿಜನ್ 93ಕ್ಕೆ ಇಳಿದಿತ್ತು. ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಯಾರೋ ಮಾತ್ರೆಗಳ ಪಟ್ಟಿ ಹಾಕಿದ್ದರು. ಜಿಂಕ್, ವಿಟಮಿನ್ ಸಿ, ಐವರ್ಮೆಕ್ಟಿನ್, ಕೊನೆಗೆ ಮೆಲಟೋನಿನ್. ಚಿಕ್ಕಮ್ಮ ಫೋನ್ ಮಾಡಿ ಕೇಳಿದರು: "ನಿದ್ದೆ ಮಾತ್ರೆ ತಾನೆ, ಕೊಟ್ರೆ ಏನ್ ನಷ್ಟ ಹೇಳೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಮಗೆ ಗೊತ್ತಿದ್ದ ಡಾಕ್ಟರೊಬ್ಬರನ್ನು ಕಾಲ್‌ಗೆ ಸೇರಿಸಿದೆ. ಅವರು ಗದರಲಿಲ್ಲ. "ಅಮ್ಮಾ, ಮಾತ್ರೆ ಕೊಟ್ಟು ಅವರು ಮಂಪರಾದ್ರೆ ಅದು ಮಾತ್ರೆಯಿಂದಲೋ, ಆಕ್ಸಿಜನ್ ಇಳಿದಿದ್ದಕ್ಕೋ, ನಿಮಗೆ ಮನೇಲಿ ಹೇಗ್ ಗೊತ್ತಾಗುತ್ತೆ? ಮೊದಲು ಬೆಡ್ ಹುಡುಕಿ," ಅಂದರು. ರಾತ್ರಿ ಒಂದೂವರೆಗೆ ಬೆಡ್ ಸಿಕ್ಕಿತು. ಅಲ್ಲಿ ಆಕ್ಸಿಜನ್ ಜೊತೆ ಕೊಟ್ಟಿದ್ದು ಡೆಕ್ಸಾಮೆಥಾಸೋನ್. ಹನ್ನೆರಡು ದಿನಕ್ಕೆ ಚಿಕ್ಕಪ್ಪ ಮನೆಗೆ ಬಂದರು.

ಆಮೇಲೆ ಡೆಕ್ಸಾಮೆಥಾಸೋನ್ ಬಗ್ಗೆ ಓದಿದೆ. ಅದೂ ಹಳೇ ಔಷಧ, ಅಗ್ಗದ್ದು, ಅದರ ಹಿಂದಿದ್ದದ್ದೂ ಇದೇ ಉರಿಯೂತದ ವಾದ. ವ್ಯತ್ಯಾಸ ಇಷ್ಟೇ: ಬ್ರಿಟನ್ನಿನ ರಿಕವರಿ ಟ್ರಯಲ್‌ನಲ್ಲಿ ಚೀಟಿ ಎತ್ತಿದ ಹಾಗೆ 2,104 ರೋಗಿಗಳನ್ನು ಆರಿಸಿ ಅದನ್ನು ಕೊಟ್ಟರು, 4,321 ಜನರಿಗೆ ಕೊಡಲಿಲ್ಲ, ಎರಡೂ ಕಡೆ ಸಾವುಗಳನ್ನು ಎಣಿಸಿದರು. ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದರಷ್ಟು ಕಡಿಮೆಯಾಗಿತ್ತು, ಬರೀ ಆಕ್ಸಿಜನ್ ಮೇಲಿದ್ದವರದ್ದು ಐದನೇ ಒಂದರಷ್ಟು. ಆಕ್ಸಿಜನ್ ಬೇಡದವರಿಗೆ ಏನೂ ಪ್ರಯೋಜನವಾಗಲಿಲ್ಲ. ಯಾರಿಗೆ, ಯಾವಾಗ ಅನ್ನೋದನ್ನು ಹೇಳಿದ್ದು ಆ ಎಣಿಕೆ. ನಮ್ಮಲ್ಲಿ ಎರಡನೇ ಅಲೆಯಲ್ಲಿ ಸ್ಟೀರಾಯ್ಡನ್ನು ಬೇಕಿಲ್ಲದಿದ್ದರೂ, ಬೇಕಾಬಿಟ್ಟಿಯಾಗಿ ಕೊಟ್ಟಿದ್ದು ಬ್ಲ್ಯಾಕ್ ಫಂಗಸ್ ಹೆಚ್ಚೋಕೆ ಒಂದು ಕಾರಣವಾಯ್ತು. ಹೈಡ್ರಾಕ್ಸಿಕ್ಲೋರೋಕ್ವಿನ್ ಹಿಂದೆಯೂ ಚೆಂದದ ವಾದವಿತ್ತು. ಅದೇ ಟ್ರಯಲ್‌ನಲ್ಲಿ ಅದರಿಂದ ಯಾವ ಉಪಯೋಗವೂ ಕಾಣಲಿಲ್ಲ.

ಮೆಲಟೋನಿನ್‌ಗೆ ಇಂಥ ದೊಡ್ಡ ಪರೀಕ್ಷೆಯ ಭಾಗ್ಯ ಸಿಗಲಿಲ್ಲ. ಇರಾನ್, ಇರಾಕ್‌ನಂಥ ಕಡೆ ಸಣ್ಣ ಟ್ರಯಲ್‌ಗಳು ನಡೆದವು, ಕೆಲವು ಭರವಸೆಯನ್ನೂ ಕೊಟ್ಟವು. ಆದರೆ ನೂರಿನ್ನೂರು ರೋಗಿಗಳನ್ನು ನೋಡಿ ಜೀವ ಉಳಿಸುತ್ತೆ ಅನ್ನೋಕಾಗಲ್ಲ. ಯಾರು ಬೇಕಾದರೂ ತಯಾರಿಸಿ ಮಾರಬಹುದಾದ ಹಳೇ ಹಾರ್ಮೋನಿನ ಮೇಲೆ ಯಾವ ಕಂಪನಿ ಕೋಟಿಗಟ್ಟಲೆ ಸುರಿದೀತು? ರಿಕವರಿ ನಡೆದಿದ್ದು ಸರ್ಕಾರದ ದುಡ್ಡು ಮತ್ತು ಅಲ್ಲಿನ ಸರ್ಕಾರಿ ಆಸ್ಪತ್ರೆಗಳ ಬಲದಿಂದ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ನಮ್ಮ ಹಿರಿಯರು. ಇಲ್ಲಿ ಪ್ರತ್ಯಕ್ಷ ಕಂಡಿದ್ದೂ ಕಡಿಮೆ. ಹಾಗಂತ ಮೆಲಟೋನಿನ್ ಕೆಲಸಕ್ಕೆ ಬಾರದ್ದು ಅಂತಲ್ಲ, ಒಂದು ದಿನ ಅದೇ ಗೆದ್ದರೂ ಗೆಲ್ಲಬಹುದು. ಮುಂದಿನ ವೈರಸ್ ಬಂದಾಗ ಇಂಥ ಅಗ್ಗದ ಮದ್ದುಗಳನ್ನು ಮೊದಲ ವಾರದಲ್ಲೇ ಸರಿಯಾಗಿ ಪರೀಕ್ಷೆಗೆ ಹಚ್ಚುವ ಏರ್ಪಾಡು ನಮ್ಮ ಆಸ್ಪತ್ರೆಗಳಲ್ಲೂ ಇರಬೇಕು. ಆಗ ರಾತ್ರಿ ಹೊತ್ತು ಫೋನ್ ಮಾಡೋ ಚಿಕ್ಕಮ್ಮಂದಿರಿಗೆ ಹೌದು ಅಂತಲೋ, ಬೇಡ ಅಂತಲೋ ನೇರವಾಗಿ ಹೇಳಬಹುದು.