ಭಾನುವಾರದ ಬಸ್ಸು

ಮೊನ್ನೆ ಊರಿಗೆ, ಅಂದ್ರೆ ತೆಕ್ಕಲಕೋಟೆಗೆ ಹೋಗಿದ್ದೆ. ಭತ್ತದ ನಾಟಿ ಮುಗಿದಿತ್ತು. ಬೇರೆ ವರ್ಷ ಆಗಿದ್ರೆ ಮನೆಯಲ್ಲಿ ಕಾಲುವೆ ನೀರಿನದ್ದೇ ಮಾತು. ಈ ಸಲ ಎಲ್ಲರೂ ಸುಮ್ಮನಿದ್ರು. ಅಕ್ಕನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತ್ತು.

ಅಕ್ಕ, ಭಾವ ಬೇರೆಯಾಗಿ ಮೂರು ವರ್ಷ. ಎಂಟು ವರ್ಷದ ಮಗಳು ಅಕ್ಕನ ಹತ್ರ ಇರ್ತಾಳೆ, ಭಾನುವಾರ ಬಳ್ಳಾರಿಯಲ್ಲಿ ಅಪ್ಪನ ಹತ್ರ. ವಿಚ್ಛೇದನ ಕೊಡುವಾಗ ಕೋರ್ಟು ಹಾಗಂತ ಬರೆದಿದೆ. "ನೀ ಇಂಜಿನಿಯರ್ ಅದೀಯಲ್ಲ, ಓದಿ ಹೇಳು. ಕರ್ಕೊಂಡು ಹೋದ್ರ ಏನಾಗ್ತದ?" ಅಂದ್ಲು. (ಜಾವಾ ಬಂದವನಿಗೆ ಕಾನೂನೂ ಬರುತ್ತೆ ಅಂತ ನಮ್ಮನೆಯವರ ನಂಬಿಕೆ!) ನಾನು ಏನೂ ಓದದೇ "ಹೋಗು, ನಿನ್ ಮಗಳು ತಾನೆ" ಅಂದುಬಿಟ್ಟೆ.

ರಾತ್ರಿ ಯಾಕೋ ನಿದ್ದೆ ಬರ್ಲಿಲ್ಲ, ಓದೋಕೆ ಕೂತೆ. ಮೊದಲು ಸಿಕ್ಕಿದ್ದೇ ಬೆಂಗಳೂರಿನ ಒಂದು ಕೇಸು. ಅಮೆರಿಕದಲ್ಲಿದ್ದ ದಂಪತಿ. 2020ರ ಮಾರ್ಚ್‌ನಲ್ಲಿ ತಾಯಿ ಮಗನನ್ನು ಕರ್ಕೊಂಡು ಬೆಂಗಳೂರಿಗೆ ಬಂದಿದ್ದಾರೆ. ತನ್ನ ಒಪ್ಪಿಗೆ ಇರಲಿಲ್ಲ ಅಂತ ತಂದೆ ಹೈಕೋರ್ಟಿಗೆ ಹೋದರು, ಅಲ್ಲಿ ಮಗ ಸಿಗಲಿಲ್ಲ. 2022ರ ಜುಲೈ 29ರಂದು ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ, ಅಮೆರಿಕದಲ್ಲೇ ಹುಟ್ಟಿ ಬೆಳೆದ ಆ ಹನ್ನೊಂದು ವರ್ಷದ ಹುಡುಗ ಅಲ್ಲಿಗೇ ಮರಳಬೇಕು ಅಂತು. ಮಕ್ಕಳನ್ನು ಹೀಗೆ ದೇಶ ದಾಟಿಸೋದರ ಬಗ್ಗೆ 1980ರ ಹೇಗ್ ಒಪ್ಪಂದ ಇದೆ, ಭಾರತ ಅದಕ್ಕೆ ಸೇರಿಲ್ಲ. ಹಾಗಾಗಿ ನಮ್ಮ ಕೋರ್ಟುಗಳು ಪ್ರತಿ ಮಗುವಿನದ್ದೂ ಬೇರೆಬೇರೆಯಾಗೇ ನೋಡಬೇಕು. ಈ ತೀರ್ಪಿನಲ್ಲಿ ನನಗೆ ಚುಚ್ಚಿದ ಮಾತು ಒಂದು. ಮಗುವಿನ ಆಸೆ ಏನು ಅನ್ನೋದು ಒಂದು ಪ್ರಶ್ನೆ, ಮಗುವಿನ ಹಿತ ಯಾವುದು ಅನ್ನೋದು ಬೇರೆಯೇ ಪ್ರಶ್ನೆ, ಎರಡನ್ನೂ ಕಲಸಬಾರದು ಅಂತ. ನಾನು ಎರಡನ್ನೂ ಕೇಳಿರಲಿಲ್ಲ. ಅಕ್ಕನ ಆಸೆ ಕೇಳಿ ತೀರ್ಪು ಕೊಟ್ಟಿದ್ದೆ.

ಪುಣೆಗೆ ಪಾಸ್‌ಪೋರ್ಟ್ ಬೇಡ, ನಿಜ. ಆದ್ರೆ ಕೋರ್ಟಿನ ಆದೇಶ ಮಹಾರಾಷ್ಟ್ರದ ಗಡಿ ದಾಟಿದ ತಕ್ಷಣ ಅಳಿಸಿ ಹೋಗಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ ಅದನ್ನು ಕೋರ್ಟೇ ಬದಲಾಯಿಸಬಹುದು. ಅಂದ್ರೆ ಹೋಗೋಕೆ ಮುಂಚೆ ಕೇಳಬೇಕು, ಹೋದಮೇಲಲ್ಲ. ಬೆಳಿಗ್ಗೆ ಹೇಳಿದೆ. "ನೀನೂ ಅವರ ಕಡೆನಾ?" ಅಂತ ಅಕ್ಕ ಎದ್ದು ಹೋದ್ಲು. ಮೂರು ವರ್ಷ ಒಂದು ದಿನ ರಜೆ ಇಲ್ಲದೆ ಮಗಳನ್ನು ಸಾಕಿದವಳು, ಕೆಲಸ ಸಿಕ್ಕರೂ ಅನುಮತಿ ಕೇಳಬೇಕು ಅಂದ್ರೆ ಸಿಟ್ಟು ಬರದೇ ಇರುತ್ತಾ...

ಅವತ್ತು ಭಾನುವಾರ. ಪುಟ್ಟಿನ ಬಳ್ಳಾರಿಗೆ ನಾನೇ ಕರ್ಕೊಂಡು ಹೋದೆ. ಕಿಟಕಿ ಪಕ್ಕ ಕೂತವಳು, ಬಹಳ ಹೊತ್ತಿನ ಮೇಲೆ "ಪುಣೆಯಿಂದ ಭಾನುವಾರಕ್ಕ ಬಸ್ ಐತೇನು ಮಾಮಾ?" ಅಂದ್ಲು. "ಐತಿ, ರಾತ್ರಿ ಹತ್ತಬೇಕು" ಅಂದೆ. ಒಂದು ದಿನಕ್ಕೆ ಎರಡು ರಾತ್ರಿ ಬಸ್ಸು ಅಂತ ಹೇಳಲಿಲ್ಲ.

ಬಸ್‌ಸ್ಟ್ಯಾಂಡಲ್ಲಿ ಭಾವ ಒಗ್ಗರಣೆ ಮಂಡಕ್ಕಿ ಪೊಟ್ಟಣ ಹಿಡ್ಕೊಂಡು ನಿಂತಿದ್ರು. ಮೂರು ವರ್ಷದಿಂದ ನಾನು ಅವರ ಜೊತೆ ಮಾತಾಡಿರಲಿಲ್ಲ. "ಹೋಗೋದು ಖರೇನಾ?" ಅಂದ್ರು. ಹೂಂ ಅಂದೆ. ಅವರು ಅಕ್ಕನ ಮೇಲೆ ಹರಿಹಾಯ್ತಾರೆ ಅಂದ್ಕೊಂಡಿದ್ದೆ. "ಬ್ಯಾಸಿಗಿ ರಜಾಕ್ಕರ ಪೂರ್ತಿ ಕಳಸ್ತಾಳೇನು ಕೇಳು" ಅಂದ್ರು, ಅಷ್ಟೇ.

ಕೇಳಿದೆ. ಅಕ್ಕ ಎರಡು ದಿನ ಮಾತಾಡ್ಲಿಲ್ಲ. ಆಮೇಲೆ ವಕೀಲರ ಹತ್ರ ಹೋಗಿ ಅರ್ಜಿ ಬರೆಸಿದ್ಲು: ಬೇಸಿಗೆ ರಜೆ, ದಸರಾ ರಜೆ ಅಪ್ಪನ ಹತ್ರ, ದಿನಾ ಸಂಜೆ ವಿಡಿಯೋ ಕಾಲ್. ಮುಂದಿನ ತಾರೀಖು ಇಪ್ಪತ್ತಕ್ಕೆ. ಪುಣೆಯಲ್ಲಿ ಕೆಲಸಕ್ಕೆ ಸೇರಬೇಕಾದ್ದು ಹದಿನೈದಕ್ಕೆ.