ಯಾವ ದಿನದ ಕಾರು?

ಹಳೆಯ ಕಾರನ್ನು ‘ಮೊದಲಿನ ಹಾಗೆ’ ಮಾಡುವ ಕೆಲಸಕ್ಕೆ ಗ್ಯಾರೇಜಿನವರು ರಿಸ್ಟೋರೇಶನ್ ಅನ್ನುತ್ತಾರೆ. ಕೇಳಲು ಸರಳವಾದ ಮಾತು. ಆದರೆ ಸ್ಪ್ಯಾನರ್ ಹಿಡಿದು ನಾಲ್ಕು ಬೋಲ್ಟು ಬಿಚ್ಚುವಷ್ಟರಲ್ಲಿ ಒಂದು ಪ್ರಶ್ನೆ ಎದುರು ಬಂದು ನಿಲ್ಲುತ್ತದೆ: ಮೊದಲಿನ ಹಾಗೆ ಅಂದರೆ ಯಾವತ್ತಿನ ಹಾಗೆ? ಕಾರ್ಖಾನೆಯಿಂದ ಹೊರಬಿದ್ದ ದಿನದ ಹಾಗೋ, ಮನೆಯ ಮುಂದೆ ಬಂದು ನಿಂತ ದಿನದ ಹಾಗೋ, ಅಥವಾ ಅದನ್ನು ಓಡಿಸುತ್ತಿದ್ದ ಮನುಷ್ಯ ಕೊನೆಯ ಸಲ ಕೀಲಿ ತೆಗೆದು ಕಿಸೆಗೆ ಹಾಕಿಕೊಂಡ ದಿನದ ಹಾಗೋ?

ಪುಣೆಯ ಒಂದು ಹಳೆಯ ಮನೆಯ ಪಕ್ಕದ ಪತ್ರಾ ಶೆಡ್ಡಿನಲ್ಲಿ ಈ ಪ್ರಶ್ನೆ ನಾಲ್ಕು ವರ್ಷ ನಡೆಯಿತು. ಕಾರು 1966ರ ಫಿಯೆಟ್ 1100 ಡಿಲೈಟ್. ಮನೆ ಧಾರವಾಡದಿಂದ ಬಂದು ಪುಣೆಯಲ್ಲಿ ದವಾಖಾನೆ ಇಟ್ಟ ಒಬ್ಬ ಡಾಕ್ಟರದು. ಕೆಲಸಕ್ಕೆ ಇಳಿದವರು ಅವರ ಕಿರಿಯ ಮಗ. 55ನೆಯ ವಯಸ್ಸಿಗೆ ನೌಕರಿಯಿಂದ ಸ್ವಯಂ ನಿವೃತ್ತಿ ಪಡೆದು, 2021ರಲ್ಲಿ ಶೆಡ್ಡಿನ ಬೀಗ ತೆಗೆದರು.

ಫಿಯೆಟ್ ಅಂದರೂ ಅದು ಹುಟ್ಟಿದ್ದು ಮುಂಬೈನ ಕುರ್ಲಾದಲ್ಲಿ. ವಾಲಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್, ಇಟಲಿಯ ಫಿಯೆಟ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಇಲ್ಲಿ 1100 ಕಾರುಗಳನ್ನು ತಯಾರಿಸುತ್ತಿತ್ತು. ಅದೇ ಗಾಡಿ 1970ರ ದಶಕದಲ್ಲಿ ಹೆಸರು ಬದಲಿಸಿಕೊಂಡು ಪ್ರೀಮಿಯರ್ ಪದ್ಮಿನಿಯಾಯಿತು. 1089 ಸಿಸಿಯ ಪುಟ್ಟ ಎಂಜಿನ್ನು, ಸ್ಟಿಯರಿಂಗ್ ಪಕ್ಕದಲ್ಲೇ ಗೇರಿನ ಕಡ್ಡಿ, ಮುಂದೆ ಬೆಂಚಿನಂಥ ಒಂದೇ ಸೀಟು. ಆ ಕಾಲದಲ್ಲಿ ಹೊಸ ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಡಾಕ್ಟರು ಕಾಯಲಿಲ್ಲ. 1968ರಲ್ಲಿ, ಬಳಸಿದ ಗಾಡಿಗೆ ಹೊಸದರ ಬೆಲೆ ಕೊಟ್ಟು ತಂದರು. ರಾತ್ರಿ ಹೊತ್ತು ರೋಗಿಗಳ ಮನೆಗೆ ಹೋಗಲು ಸ್ಕೂಟರು ಸಾಲುತ್ತಿರಲಿಲ್ಲ.

ಸುಮಾರು 30 ವರ್ಷ ಅದು ಓಡಿತು. ಮೇ ತಿಂಗಳಿನಲ್ಲಿ ಕಾತ್ರಜ್ ಘಾಟು, ಖಂಬಾಟಕಿ ಘಾಟು ಹತ್ತಿ, ಕೊಲ್ಹಾಪುರ, ಬೆಳಗಾವಿ ದಾಟಿ ಧಾರವಾಡಕ್ಕೆ. ಘಾಟಿನ ಅರ್ಧದಲ್ಲಿ ಗಾಡಿ ಕೆಮ್ಮಿ ನಿಲ್ಲುವುದು ರೂಢಿ. ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ ಬಿಸಿಗೆ ಪೆಟ್ರೋಲು ಆವಿಯಾಗುತ್ತದೆ. ಆವಿಯನ್ನು ಮೇಲೆ ತಳ್ಳುವುದು ಆ ಪಂಪಿಗೆ ಆಗದು. ಅದಕ್ಕೆ ಔಷಧ ಹಸಿ ಅರಿವೆ. ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಅವಲಕ್ಕಿ ತಿಂದು ಮುಗಿಸುವಷ್ಟರಲ್ಲಿ ಗಾಡಿ ಮತ್ತೆ ಸಿದ್ಧ. 1997ರಲ್ಲಿ ಡಾಕ್ಟರ ಕಣ್ಣು ಕೈಕೊಟ್ಟಾಗ ಕಾರು ಶೆಡ್ಡು ಸೇರಿತು. 2008ರಲ್ಲಿ ಅವರು ಹೋದರು. ಕಾರಿನ ಕಾಗದ ಅವರ ಹೆಸರಿನಲ್ಲೇ ಉಳಿಯಿತು.

ಕಾಗದದ ಮಾತು ಬಂದರೆ ಅಣ್ಣನ ಮಾತೂ ಬರುತ್ತದೆ. ಹತ್ತು ವರ್ಷ ದೊಡ್ಡವನಾದ ಅಣ್ಣ ಹೈದರಾಬಾದಿನಲ್ಲಿ ನೆಲೆಸಿದ್ದಾನೆ. ತಾಯಿ ತೀರಿಕೊಂಡ ಮೇಲೆ ಹಳೆಯ ಮನೆಯನ್ನು ಬಿಲ್ಡರಿಗೆ ಕೊಡೋಣ ಅಂತ ಅವನು, ಬೇಡ ಅಂತ ಇವರು. ಜಗಳವೇನೂ ಆಗಲಿಲ್ಲ, ಮಾತು ನಿಂತಿತು. ಹಬ್ಬಕ್ಕೆ ಹೆಂಡಂದಿರು ಮಾತಾಡಿಕೊಳ್ಳುತ್ತಿದ್ದರು, ಅಷ್ಟೇ. ಮಾಲೀಕರು ತೀರಿಕೊಂಡ ಗಾಡಿಯನ್ನು ಒಬ್ಬ ವಾರಸುದಾರನ ಹೆಸರಿಗೆ ಮಾಡಿಸಲು ಫಾರ್ಮ್ 31ರ ಜೊತೆ ಉಳಿದ ವಾರಸುದಾರರ ಒಪ್ಪಿಗೆ ಪತ್ರವೂ ಬೇಕು. ಕಾರನ್ನು ಎಷ್ಟೇ ಚೆನ್ನಾಗಿ ಕಟ್ಟಿದರೂ ಅಣ್ಣನ ಒಂದು ಸಹಿ ಇಲ್ಲದೆ ಅದು ಗೇಟು ದಾಟುವ ಹಾಗಿರಲಿಲ್ಲ. ಅದು ಗೊತ್ತಿದ್ದೇ ಅವರು ಕೆಲಸ ಶುರು ಮಾಡಿದರು.

ಮನೆಯಲ್ಲಿ ಕಾರು ಬಿಚ್ಚುವವರಿಗೆ ಮೊದಲ ಪಾಠ: ಬಿಚ್ಚುವುದು ಕಷ್ಟವಲ್ಲ, ಯಾವುದು ಎಲ್ಲಿಯದು ಎಂದು ನೆನಪಿಡುವುದು ಕಷ್ಟ. ಪ್ರತಿ ಬೋಲ್ಟೂ ಒಂದೊಂದು ಪ್ಲಾಸ್ಟಿಕ್ ಚೀಲಕ್ಕೆ, ಚೀಲದ ಮೇಲೆ ಚೀಟಿ, ಬಿಚ್ಚುವ ಮೊದಲೊಂದು ಫೋಟೊ, ಬಿಚ್ಚಿದ ಮೇಲೊಂದು. ತುಕ್ಕು ಕಚ್ಚಿದ ಬೋಲ್ಟಿಗೆ ಅವಸರ ಮಾಡಿದರೆ ತಲೆ ಮುರಿಯುತ್ತದೆ. ಡೀಸೆಲ್ ಸುರಿದು ರಾತ್ರಿಯಿಡೀ ಬಿಡಬೇಕು. ಎಂಜಿನ್ನು ಹಿಡಿದುಕೊಂಡುಬಿಟ್ಟಿತ್ತು. ಸ್ಪಾರ್ಕ್ ಪ್ಲಗ್ ತೆಗೆದು, ನಾಲ್ಕೂ ತೂತಿಗೆ ಎಣ್ಣೆ ಹಾಕಿ, ಒಂದು ವಾರ ಬಿಟ್ಟು, ನಾಲ್ಕನೆಯ ಗೇರಿಗೆ ಹಾಕಿ ಕಾರನ್ನು ಹಿಂದೆ ಮುಂದೆ ತೂಗಿದರು. ಹನ್ನೊಂದನೆಯ ದಿನ ಒಳಗೆ ಏನೋ ಸಡಿಲಾದ ಸದ್ದು ಕೇಳಿತು.

ಎರಡನೆಯ ಪಾಠ ತುಕ್ಕಿನದು. ಆಗಿನ ಎಷ್ಟೋ ಗಾಡಿಗಳಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತಿತ್ತು. ಮೇಲಿನ ತಗಡು ಹೋದರೂ ಎಲುಬು ಗಟ್ಟಿ. ಈ ಫಿಯೆಟ್ಟಿಗೆ ಹಾಗಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಚಕ್ರದ ಕಮಾನು ಎಲ್ಲ ಸೇರಿಯೇ ಅದರ ಎಲುಬು. ಡ್ರೈವರ್ ಕಾಲ ಕೆಳಗಿನ ನೆಲಕ್ಕೆ ಡಾಕ್ಟರು ಯಾವಾಗಲೋ ಒಂದು ತಗಡು ಹಾಕಿಸಿ ರಿವೆಟ್ ಹೊಡೆಸಿದ್ದರು. ಆ ತಗಡಿನ ಮೇಲೆ ಅವರ ಚಪ್ಪಲಿ ಹಿಮ್ಮಡಿ ಉಜ್ಜಿ ಆದ ಹೊಳಪು ಇನ್ನೂ ಇತ್ತು. ಮಗನಿಗೆ ಅದನ್ನು ಉಳಿಸಿಕೊಳ್ಳಬೇಕೆನ್ನಿಸಿತು. ಟಿಂಕರಿಂಗ್ ಕೆಲಸಕ್ಕೆ ಬರುತ್ತಿದ್ದ ಎಪ್ಪತ್ತು ದಾಟಿದ ಮಿಸ್ತ್ರಿ ಸ್ಕ್ರೂಡ್ರೈವರಿನಿಂದ ಅದರ ಅಂಚನ್ನು ಒತ್ತಿ ತೋರಿಸಿದರು. ಸುತ್ತಲ ತಗಡು ಹಪ್ಪಳದ ಹಾಗೆ ಮುರಿಯಿತು. ಇಂಥದ್ದನ್ನು ಉಳಿಸಿ ಹೆದ್ದಾರಿಗೆ ಇಳಿಯುವುದು ನೆನಪಲ್ಲ, ಮೂರ್ಖತನ. ತಗಡು ಹೋಯಿತು, ಹೊಸ ನೆಲ ವೆಲ್ಡ್ ಆಯಿತು.

ಅಂದಿನಿಂದ ಅವರು ಒಂದು ಸೂತ್ರ ಮಾಡಿಕೊಂಡರು. ಜೀವಕ್ಕೆ ಸಂಬಂಧಪಟ್ಟಿದ್ದು ಹೊಸದಾಗಬೇಕು: ನೆಲ, ಬ್ರೇಕು, ಸ್ಟಿಯರಿಂಗು, ಟಯರು, ವಯರಿಂಗು. ಉಳಿದದ್ದನ್ನು ಆದಷ್ಟು ಮುಟ್ಟಬಾರದು. ಡ್ಯಾಶ್‌ಬೋರ್ಡಿನ ಕೆಳಗೆ ಡಾಕ್ಟರು ತಮ್ಮ ಚೀಲ ತೂಗುಹಾಕಲು ತಂತಿ ಬಗ್ಗಿಸಿ ಮಾಡಿದ ಒಂದು ಕೊಕ್ಕೆ ಇದೆ. ಯಾವ ಕಾರ್ಖಾನೆಯ ನಕ್ಷೆಯಲ್ಲೂ ಅದು ಇಲ್ಲ. ಅದು ಉಳಿಯಿತು.

ಬಿಡಿಭಾಗದ ಹುಡುಕಾಟ ಬೇರೆಯೇ ಕತೆ. ಎಂಜಿನ್ನಿನ ಬಹುಪಾಲು ಸಾಮಾನು ಪದ್ಮಿನಿಯದೂ ಹೌದು. ಆ ಗಾಡಿ ಮುಂಬೈನ ಬೀದಿಗಳಲ್ಲಿ ಕಪ್ಪು ಹಳದಿ ಟ್ಯಾಕ್ಸಿಯಾಗಿ ದುಡಿದದ್ದರಿಂದ ದಶಕಗಳ ಕಾಲ ಸಾಮಾನಿಗೆ ಬರವಿರಲಿಲ್ಲ. ಆದರೆ ಅಲ್ಲಿ ಟ್ಯಾಕ್ಸಿಯ ಆಯುಸ್ಸು 20 ವರ್ಷ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. 2023ರ ಅಕ್ಟೋಬರ್ 30ಕ್ಕೆ ಆ ಅಧ್ಯಾಯ ಮುಗಿಯಿತು. ಟ್ಯಾಕ್ಸಿ ಹೋದ ಮೇಲೆ ಅದನ್ನು ನಂಬಿದ್ದ ಅಂಗಡಿ, ಮಿಸ್ತ್ರಿ ಎಲ್ಲ ಒಬ್ಬೊಬ್ಬರಾಗಿ ಬೇರೆ ದಾರಿ ಹಿಡಿದರು. ಇವರು ಪುಣೆಯ ಜುನಾ ಬಜಾರಿನಲ್ಲಿ ಬುಧವಾರ, ಭಾನುವಾರ ಹಳೆಯ ಕಬ್ಬಿಣದ ರಾಶಿಗಳ ಮುಂದೆ ಕುಕ್ಕರಗಾಲಲ್ಲಿ ಕೂತರು. ದಿಲ್ಲಿಯ ಕಶ್ಮೀರಿ ಗೇಟಿನಿಂದ ಗೆಳೆಯರೊಬ್ಬರು ಗ್ಯಾಸ್ಕೆಟ್ ಕಳಿಸಿದರು. ಚೆನ್ನೈನ ಪುದುಪೇಟೆಯಿಂದ ಒಂದು ಸೋಲೆಕ್ಸ್ ಕಾರ್ಬುರೇಟರ್ ಬಂತು. ಸಿಗದೇ ಹೋದದ್ದು ಡಿಲೈಟ್ ಮಾದರಿಗೆ ಮಾತ್ರ ಇದ್ದ ಹೊರಗಿನ ಅಲಂಕಾರ. ಮುಂದಿನ ಜಾಲರಿ ಸೊಟ್ಟಗಾಗಿದ್ದನ್ನೇ ನೆಟ್ಟಗೆ ಮಾಡಿ ಹಾಕಬೇಕಾಯಿತು.

ಹಳೆಯ ಎಂಜಿನ್ನಿಗೆ ಇಂದಿನ ಪೆಟ್ರೋಲೂ ಹೊಂದದು. ಈಗ ಬಂಕಿನಲ್ಲಿ ಸಿಗುವುದು 20 ಪ್ರತಿಶತದವರೆಗೆ ಎಥನಾಲ್ ಬೆರೆಸಿದ್ದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ಕಾಲದ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಹಾಗಾಗಿ ಪೆಟ್ರೋಲ್ ಪೈಪು, ಪಂಪಿನೊಳಗಿನ ಡಯಾಫ್ರಮ್ಮು, ಸೀಲು ಎಲ್ಲವನ್ನೂ ಅದಕ್ಕೆ ತಡೆಯುವ ರಬ್ಬರಿನದು ಹಾಕಿಸಿದರು. ತಿಂಗಳುಗಟ್ಟಲೆ ನಿಲ್ಲಿಸುವಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಡಬಾರದೆಂಬುದನ್ನೂ ಕಲಿತರು.

ಎರಡನೆಯ ವರ್ಷ ಬಣ್ಣ ಕೆರೆಯುವ ಕೆಲಸ ಬಂತು. ಮೇಲಿದ್ದದ್ದು ಬಿಳಿ, 1989ರಲ್ಲಿ ಮನೆಯ ಮದುವೆಗೆ ಹೊಡೆಸಿದ್ದು. ಅದರ ಕೆಳಗೆ ನೀಲಿ. ಅವರ ಬಾಲ್ಯದ ಕಾರು ನೀಲಿ. ಶಾಲೆಗೆ ಬಿಟ್ಟದ್ದು, ಧಾರವಾಡಕ್ಕೆ ಒಯ್ದದ್ದು ಎಲ್ಲ ಆ ನೀಲಿ ಕಾರೇ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮುಂದಿನ ಎಡ ಮಡ್‌ಗಾರ್ಡಿಗೆ ಅಯಸ್ಕಾಂತ ಹಿಡಿಯಲಿಲ್ಲ. ಅಯಸ್ಕಾಂತ ಹಿಡಿಯದ ಜಾಗದಲ್ಲಿ ತಗಡಿನ ಮೇಲೆ ದಪ್ಪಗೆ ಪುಟ್ಟಿ ಮೆತ್ತಿದ್ದಾರೆಂದೇ ಅರ್ಥ. ವಾಟರ್ ಪೇಪರಿನಿಂದ ಮೆಲ್ಲಗೆ ಉಜ್ಜುತ್ತ ಹೋದಾಗ ನೀಲಿಯ ಕೆಳಗೆ ಪುಟ್ಟಿ, ಪುಟ್ಟಿಯ ಕೆಳಗೆ ಜಜ್ಜಿದ ತಗಡು, ಆ ತಗಡಿನ ಮೇಲೆ ತಿಳಿ ಹಸಿರು ಕಾಣಿಸಿತು. ಪದರಗಳು ಹೇಳುತ್ತಿದ್ದುದು ಇಷ್ಟು: ಕಾರು ಮೊದಲು ಹಸಿರಾಗಿತ್ತು, ಎಲ್ಲಿಗೋ ಗುದ್ದಿತ್ತು, ಆಮೇಲೆ ನೀಲಿಯಾಯಿತು.

ಅದರ ಫೋಟೊವನ್ನು ಅವರ ಹೆಂಡತಿ ವಾರಗಿತ್ತಿಗೆ ಕಳಿಸಿದರು. ಮೂರು ದಿನ ಉತ್ತರವಿಲ್ಲ. ನಾಲ್ಕನೆಯ ದಿನ ಅಣ್ಣನೇ ಫೋನ್ ಮಾಡಿದ.

“ಅದು ಬರೇ ಹಸರಲ್ಲೋ, ಎಳೀ ಬಾಳಿ ಎಲಿ ಬಣ್ಣ. ನಿನಗ ನೆನಪಿರೂದಿಲ್ಲ. ನೀ ಸಣ್ಣಾಂವಿದ್ದಿ.”

ಆಮೇಲೆ ಹೇಳಿದ. 1971. ಅವನಿಗೆ 15 ವರ್ಷ. ಅಪ್ಪ ರಾತ್ರಿ ರೋಗಿಯ ಮನೆಯಿಂದ ಬಂದು ಮಲಗಿದ ಮೇಲೆ ಕೀಲಿ ತಗೊಂಡು, ಕಾರನ್ನು ಓಣಿಯ ತುದಿವರೆಗೆ ತಳ್ಳಿಕೊಂಡು ಹೋಗಿ ಶುರು ಮಾಡಿದ್ದ. ಲಕಡಿ ಪೂಲಿನ ಕಟ್ಟೆಗೆ ಹೋಗಿ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಬೆಳಗ್ಗೆ ಅಪ್ಪ ಮಡ್‌ಗಾರ್ಡ್ ನೋಡಿದರು, ಇವನ ಮುಖ ನೋಡಿದರು, ಕಾರು ಗ್ಯಾರೇಜಿಗೆ ಒಯ್ದರು. ಒಂದು ತಿಂಗಳ ಮೇಲೆ ಅದು ನೀಲಿಯಾಗಿ ಬಂತು. ಒಂದು ಮಡ್‌ಗಾರ್ಡಿಗಷ್ಟೇ ಬಣ್ಣ ಹೊಡೆಸಿದ್ದರೆ ಎದ್ದು ಕಂಡು ಎಲ್ಲರೂ ಕೇಳುತ್ತಿದ್ದರು. ಅಮ್ಮ ಕೇಳಿದ್ದಕ್ಕೆ ಅಪ್ಪ, “ಹಸರು ಬ್ಯಾಸರಾಗಿತ್ತು” ಅಂದರಂತೆ.

“ಬೈಲಿಲ್ಲ. ಒಂದ್ ಮಾತೂ ಆಡ್ಲಿಲ್ಲ. ಬೈದಿದ್ರ ಛಲೋ ಇತ್ತು,” ಅಂದ ಅಣ್ಣ. ಸ್ವಲ್ಪ ಹೊತ್ತು ಬಿಟ್ಟು, “ಈಗ ಯಾವ ಬಣ್ಣ ಹೊಡಸಾಂವ?” ಅಂತ ಕೇಳಿದ.

ಕಾರ್ಖಾನೆಯ ದಿನಕ್ಕೆ ಒಯ್ಯಬೇಕೆಂದರೆ ಹಸಿರು. ಪಳಗಿದವರನ್ನು ಕೇಳಿದರೆ ಅದೇ ಸರಿಯಾದ ಉತ್ತರ. ಆದರೆ ಹಸಿರು ಹೊಡೆದರೆ ಆ ಮಡ್‌ಗಾರ್ಡಿಗೆ ಪೆಟ್ಟೇ ಬಿದ್ದಿಲ್ಲ, ಒಬ್ಬ ತಂದೆ ಮಗನ ತಪ್ಪನ್ನು ಮುಚ್ಚಲು ಇಡೀ ಕಾರಿನ ಬಣ್ಣ ಬದಲಿಸಲೇ ಇಲ್ಲ ಎಂದಾಗುತ್ತದೆ. ಇವರು ತಿಂಗಳುಗಟ್ಟಲೆ ಯೋಚಿಸಿದರು. ಕೊನೆಗೆ ಕಾರು ನೀಲಿಯಾಯಿತು. ಡಿಕ್ಕಿಯ ಮುಚ್ಚಳದ ಒಳಮೈಯಲ್ಲಿ ಅಂಗೈಯಗಲದ ಹಸಿರನ್ನು ಹಾಗೇ ಬಿಟ್ಟರು.

ಬ್ರೇಕಿನ ಕೆಲಸ ಮುಗಿಸಲು ಇಬ್ಬರು ಬೇಕು. ಎಣ್ಣೆಯ ಕೊಳವೆಯಲ್ಲಿ ಗಾಳಿ ಉಳಿದರೆ ಪೆಡಲ್ ಹಿಟ್ಟಿನ ಮುದ್ದೆಯ ಹಾಗೆ ಕುಸಿಯುತ್ತದೆ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ನಿಪ್ಪಲ್ ಸಡಿಲಿಸಿ ಗಾಳಿ ಹೊರಬಿಟ್ಟು ಬಿಗಿಯಬೇಕು. ದೂರದ ಹಿಂದಿನ ಚಕ್ರದಿಂದ ಶುರುಮಾಡಿ ನಾಲ್ಕಕ್ಕೂ ಇದೇ ಕ್ರಮ. ಕಳೆದ ಚಳಿಗಾಲದಲ್ಲಿ ಅಣ್ಣ ಪುಣೆಗೆ ಬಂದಿದ್ದಾಗ ಆ ಕೆಲಸ ಬಾಕಿಯಿತ್ತು. “ಒತ್ತು ಅಣ್ಣಾ... ಹಿಡಕೋ... ಹಾಂ, ಬಿಡು.” ಎರಡು ತಾಸು ಅವರ ನಡುವೆ ಇದೇ ಮಾತು. ಹೊರಡುವ ಮೊದಲು ಅಣ್ಣ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ. ಮನೆಯ ವಿಷಯ ಅವನೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಅದು ಇನ್ನೂ ಹಾಗೇ ಇದೆ. ಬಿಲ್ಡರನ ಕಾಗದ ಕಪಾಟಿನಲ್ಲಿದೆ. ಮನೆ ಹೋದರೆ ಶೆಡ್ಡೂ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತು. ಈಗ ಫೋನಿನಲ್ಲಿ ಮಾತಾಡುತ್ತಾರೆ, ಅಷ್ಟು ಬದಲಾಗಿದೆ.

ಕಾಗದದಲ್ಲಿ ಇನ್ನೊಂದು ಆಯ್ಕೆ ಉಳಿದಿತ್ತು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಗೌರವದ ನಂಬರು ಅದು. ಆದರೆ ಆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥವಕ್ಕೆ ಮಾತ್ರ ಹೊರಗೆ ತರಬಹುದು. ಸಾಮಾನ್ಯ ನೋಂದಣಿಯನ್ನೇ ಮುಂದುವರಿಸಿದರೆ ಪ್ರತಿ 5 ವರ್ಷಕ್ಕೆ ತಪಾಸಣೆ, ತೆರಿಗೆ, ಓಡಾಟ.

ಗೆಳೆಯರೆಲ್ಲ ವಿಂಟೇಜ್ ನಂಬರೇ ಮಾಡಿಸಿ ಎಂದರು. ಅವರು ಸಾಮಾನ್ಯ ನೋಂದಣಿಗೇ ಅರ್ಜಿ ಹಾಕಿದರು. ಅವರ ತಂದೆ ಈ ಕಾರನ್ನು ಕೊಂಡದ್ದು ಯಾರಿಗೂ ತೋರಿಸಲಿಕ್ಕಲ್ಲ. ಕರೆದವರ ಮನೆಗೆ ಹೊತ್ತಿಗೆ ಸರಿಯಾಗಿ ಹೋಗಲಿಕ್ಕೆ. ಯಾವ ದಿನದ ಕಾರು ಎಂಬ ಪ್ರಶ್ನೆಗೆ ಅವರು ಕೊಟ್ಟುಕೊಂಡ ಉತ್ತರ ಇದೇ: ಬಣ್ಣ ಯಾವ ವರ್ಷದ್ದಾದರೂ ಇರಲಿ, ಓಡುತ್ತಿದ್ದ ದಿನದ ಕಾರು ಬೇಕು. ತಪಾಸಣೆ ಮುಗಿದ ಮೇಲೆ ಮೊದಲ ದೂರದ ಪ್ರಯಾಣ ಧಾರವಾಡಕ್ಕೆ. ಖಂಬಾಟಕಿ ಘಾಟಿನಲ್ಲಿ ಅದು ಮೊದಲಿನ ಹಾಗೇ ಕೆಮ್ಮಿ ನಿಲ್ಲಬಹುದು. ಸೀಟಿನ ಕೆಳಗೆ ಒಂದು ಬಾಟಲಿ ನೀರು, ಒಂದು ಹಳೆಯ ಅರಿವೆ ಇಟ್ಟಿದ್ದಾರೆ.