ಯಾರ ಕೈಗಾಗಿ ಯಂತ್ರ?

ದೂಧಗಂಗೆಯ ದಂಡೆಯ ನಮ್ಮ ಸದಲಗಾ ಚಹಾದ ಊರು. ಕಬ್ಬಿನ ಹೊಲದಿಂದ ಬಂದವರಿರಲಿ, ಬೀಗರಿರಲಿ, ಒಲೆಯ ಮೇಲೆ ಮೊದಲು ಏರುವುದು ಚಹಾದ ಪಾತ್ರೆಯೇ. ಇಂಥ ಊರಿನ ಮನೆಯೊಂದಕ್ಕೆ, ಬೀಜವನ್ನು ತಾನೇ ಬೀಸಿ ಕಾಫಿಯನ್ನು ಕಪ್ಪಿಗೆ ಇಳಿಸುವ ಸ್ವಯಂಚಾಲಿತ ಯಂತ್ರವೇಕೆ ಎಂದು ಓದುಗ ಬಂಧುಗಳು ಕೇಳಬಹುದು.

ನನ್ನ ಯಜಮಾನರು ಸರಕಾರಿ ಸೇವೆಯ ಬಹುಕಾಲವನ್ನು ಚಿಕ್ಕಮಗಳೂರಿನಲ್ಲಿ ಕಳೆದವರು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಏಳು ಬೀಜಗಳನ್ನು ತಂದು ಬಿತ್ತಿದರೆಂದು ಪ್ರತೀತಿಯಿರುವ ಆ ಗಿರಿಯ ಸೀಮೆಯಲ್ಲಿ ಅವರಿಗೆ ಕಾಫಿಯ ರುಚಿ ಹತ್ತಿತು. ನಿವೃತ್ತರಾಗಿ ಊರಿಗೆ ಮರಳಿದ ಮೇಲೂ ಬೆಳಗಿನ ಲಿಂಗಪೂಜೆ ಮುಗಿಸಿ, ಹಿತ್ತಾಳೆಯ ಫಿಲ್ಟರಿನಲ್ಲಿ ತಮ್ಮ ಕಾಫಿಯನ್ನು ತಾವೇ ಇಳಿಸಿಕೊಳ್ಳುತ್ತಿದ್ದರು. 2022ರಲ್ಲಿ ಪಾರ್ಶ್ವವಾಯು ಬಡಿದು ಬಲಗೈಯ ಶಕ್ತಿ ಉಡುಗಿತು. ನಡಿಗೆ ಮರಳಿತು, ಮಾತು ಮರಳಿತು, ಕೈ ಮರಳಲಿಲ್ಲ. ನಾವು ಕಾಫಿ ಮಾಡಿಕೊಡಲು ಹೋದರೆ "ಬ್ಯಾಡ ಬಿಡು, ಚಹಾನ ಸಾಕು" ಎನ್ನತೊಡಗಿದರು. ಅವರಿಗೆ ಬೇಡವಾದದ್ದು ಕಾಫಿಯಲ್ಲ, ಇನ್ನೊಬ್ಬರ ಕೈಯನ್ನು ಕಾಯುವುದು ಎಂಬುದು ನನಗೂ ಸೊಸೆಗೂ ತಿಳಿದಿತ್ತು.

ಪುಣೆಯಲ್ಲಿರುವ ಮಗ, "ಅವ್ವಾ, ಗುಂಡಿ ಒತ್ತಿದರ ಸಾಕು, ಅಪ್ಪಾ ತಾನ ಮಾಡ್ಕೋತಾನ" ಎಂದಾಗ ನಾನು ಮೊದಲು ಬೆಲೆ ಕೇಳಿದೆ. ಅರ್ಧ ಲಕ್ಷ ರೂಪಾಯಿಯ ಆಸುಪಾಸು! ಅಷ್ಟು ಹಣ ತೆರುವುದಾದರೆ ಕಣ್ಣಾರೆ ನೋಡಿಯೇ ಆರಿಸಬೇಕೆಂದು ಕೊಲ್ಹಾಪುರಕ್ಕೆ ಹೋದೆವು.

ಈ ಯಂತ್ರದ ತಲೆಯ ಮೇಲೆ ಹುರಿದ ಬೀಜ ತುಂಬುವ ಡಬ್ಬಿ, ಒಳಗೆ ಬೀಸುವ ಸಣ್ಣ ಗಿರಣಿ. ಬೀಸಿದ ಪುಡಿಯನ್ನು ಒತ್ತಿ, ಬಿಸಿನೀರನ್ನು ಒತ್ತಡದಿಂದ ಅದರ ಮೂಲಕ ಹಾಯಿಸಿ, ಗಸಿಯನ್ನು ಒಳಪೆಟ್ಟಿಗೆಗೆ ಬೀಳಿಸುತ್ತದೆ. ಬೀಜದ ಡಬ್ಬಿಗೆ ಚಿಕೋರಿ ಹಾಕುವಂತಿಲ್ಲ; ಎಣ್ಣೆ ಜಿನುಗುವಷ್ಟು ಕಪ್ಪಾಗಿ ಹುರಿದ ಬೀಜವೂ ಗಿರಣಿಗೆ ಅಂಟುತ್ತದೆ. ಆದ್ದರಿಂದ ಚಿಕೋರಿ ಬೆರೆತ ಫಿಲ್ಟರ್ ಕಾಫಿಯ ರುಚಿಯೇ ಬೇಕೆನ್ನುವವರಿಗೆ ಇದು ತಕ್ಕುದಲ್ಲ. ಯಜಮಾನರು ಮೊದಲಿನಿಂದಲೂ ಚಿಕೋರಿ ಒಲ್ಲದವರಾದ್ದರಿಂದ ನಮಗೆ ಆ ತೊಡಕಿರಲಿಲ್ಲ.

ಅಂಗಡಿಯವರು ಹಾಲನ್ನೂ ತಾನೇ ನೊರೆಯೆಬ್ಬಿಸುವ, ಬೆರಳು ಸೋಕಿದರೆ ನಡೆಯುವ ಗಾಜಿನ ಪರದೆಯ ಯಂತ್ರವನ್ನು ಹೊಗಳಿದರು. ಯಜಮಾನರ ಎಡಗೈ ಬೆರಳು ಪರದೆಯ ಮೇಲೆ ಜಾರಿ ಬೇರೆಯದೇ ಚಿತ್ರವನ್ನು ಮುಟ್ಟಿತು. ಹಾಲಿನ ಕೊಳವೆಗಳನ್ನು ದಿನವೂ ತೊಳೆಯದಿದ್ದರೆ ಹುಳಿ ವಾಸನೆ ತಪ್ಪದು; ನಮ್ಮದೋ ಗಟ್ಟಿಯಾದ ಎಮ್ಮೆಯ ಹಾಲು. ಇನ್ನೊಂದರಲ್ಲಿ ನೀರಿನ ತೊಟ್ಟಿಯನ್ನು ಹಿಂಬದಿಯಿಂದ ಮೇಲಕ್ಕೆತ್ತಿ ತೆಗೆಯಬೇಕಿತ್ತು. ಒಂದೇ ಕೈಯವರಿಗೆ ಅದು ಆಗದ ಕೆಲಸ.

ಕೊನೆಗೆ ಒತ್ತುವ ದಪ್ಪ ಗುಂಡಿಗಳಿರುವ, ತೊಟ್ಟಿಯನ್ನು ಮುಂದಿನಿಂದಲೇ ಎಳೆಯಬಹುದಾದ, ಕಾಫಿ ಇಳಿಸುವ ಒಳಭಾಗವನ್ನು ಬಿಚ್ಚಿ ನಲ್ಲಿಯಡಿ ತೊಳೆಯಬಹುದಾದ ಸಾದಾ ಯಂತ್ರವನ್ನು ಆರಿಸಿದೆವು. ಹಾಲನ್ನು ಸೊಸೆ ಕಾಯಿಸಿ ಫ್ಲಾಸ್ಕಿನಲ್ಲಿಡುತ್ತಾಳೆ. ನೀರು ಕಾಯಿಸುವಾಗ ಇದು ಸುಮಾರು 1,500 ವಾಟ್ ವಿದ್ಯುತ್ ಎಳೆಯುವುದರಿಂದ ಮನೆಯ ಸಣ್ಣ ಇನ್ವರ್ಟರಿನ ಮೇಲೆ ನಡೆಯದು. ಬೋರಿನ ಗಡಸು ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಮೆದುನೀರು ಹಾಕಿದರೂ ಆಗಾಗ ಅದಕ್ಕೆಂದೇ ಇರುವ ದ್ರಾವಣದಿಂದ ತೊಳೆಯಬೇಕು. ಕೆಟ್ಟರೆ ರಿಪೇರಿಯವರು ನಮ್ಮ ಊರಿಗೆ ಬರುವರೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿ ಬರೆಯಿಸಿಕೊಂಡೆವು.

ಹತ್ತು ಜನ ಅತಿಥಿಗಳು ಬಂದರೆ ಇದು ಕೆಲಸಕ್ಕೆ ಬಾರದು. ಒಂದೊಂದೇ ಕಪ್ಪು ಇಳಿಯುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ಬಂದವರಿಗೆ ಈಗಲೂ ಒಲೆಯ ಮೇಲಿನ ಚಹಾವೇ.

ಆದರೆ ಬೆಳಗಿನ ಪೂಜೆಯ ನಂತರ ಯಜಮಾನರು ಎಡಗೈಯಿಂದ ಗುಂಡಿ ಒತ್ತಿ ಕಾಫಿ ಮಾಡಿಕೊಳ್ಳುತ್ತಾರೆ. ವೈದ್ಯರು ಹೇಳಿದಂತೆ ದಿನಕ್ಕೆ ಎರಡೇ ಕಪ್ಪು. ಮೂರನೆಯ ವಾರದಲ್ಲಿ ಒಂದು ದಿನ, ಕೇಳದೆಯೇ, ನನ್ನ ಮುಂದೆಯೂ ಒಂದು ಕಪ್ಪು ತಂದಿಟ್ಟರು. ಚಹಾದವಳಾದ ನಾನು ಅದನ್ನು ಪೂರ್ತಿ ಕುಡಿದೆ.

ಕಾಯಕವನ್ನು ಕೈಲಾಸವೆಂದು ಬಗೆದ ಪರಂಪರೆ ನಮ್ಮದು. ಕೈಯಿದ್ದವರನ್ನು ಸೋಮಾರಿಯಾಗಿಸುವ ಯಂತ್ರ ದುಬಾರಿಯೇ ಸರಿ. ಕೈಸೋತವರಿಗೆ ಅವರ ಕೆಲಸವನ್ನು ಮರಳಿ ಕೊಡುವ ಯಂತ್ರಕ್ಕೆ ಆ ಮಾತು ಸಲ್ಲದು. ಯಂತ್ರ ಕೊಳ್ಳುವ ಮೊದಲು, ಅದು ಯಾರ ಕೈಗೆ ಎಂಬುದನ್ನು ಮನೆಮಂದಿ ಕುಳಿತು ವಿಚಾರಿಸುವುದು ಒಳ್ಳೆಯದು.